ಪುರಪಿತೃಗಳು

ಊರಿನ ಆಡಳಿತಕ್ಕೆ ಜನರಿಂದ ಆಯ್ಕೆಯಾಗಿ ಹೋದವರನ್ನು ಏನೆಂದು ಕರೆಯಬೇಕೆಂಬ ವಿಷಯದಲ್ಲಿ ಕನ್ನಡಿಗರಿಗೆ ಇನ್ನೂ ಒಮ್ಮತವಾದಂತಿಲ್ಲ. ಹಿಂದಿನ ತಲೆಮಾರಿನ ಪತ್ರಿಕೆಗಳು ಅವರನ್ನು ಗೌರವದಿಂದಲೋ ಹಾಸ್ಯದಿಂದಲೋ ‘ಪುರಪಿತೃ’ಗಳೆಂದು ಕರೆದವು. ಮರಾಠಿಯ ನೆರೆಯಲ್ಲಿರುವ ಊರುಗಳಲ್ಲಿ ‘ನಗರಸೇವಕ’ ಎಂಬ ಮಾತು ರೂಢಿಗೆ ಬಂದಿತು. ಸರಕಾರದ ಕಾಗದಪತ್ರಗಳಲ್ಲಿ ಅವರು ‘ಸದಸ್ಯರು’. ಬೆಂಗಳೂರಿಗರ ಬಾಯಲ್ಲಿ ‘ಕಾರ್ಪೊರೇಟರು’. ನಮ್ಮ ವಿಜಯಪುರ ಜಿಲ್ಲೆಯ ಓಣಿಗಳಲ್ಲಿ ಮಾತ್ರ ಇದಾವುದೂ ಅಲ್ಲ, ಬರಿಯ ‘ಮೆಂಬರ’. ಒಂದೇ ಹುದ್ದೆಗೆ ತಂದೆಯೆಂದೂ ಸೇವಕನೆಂದೂ ಹೆಸರಿಟ್ಟ ಜನಕ್ಕೆ ಆ ಹುದ್ದೆಯ ಸ್ವರೂಪ ಸ್ಪಷ್ಟವಾಗಿಲ್ಲವೆಂದು ಭಾಷೆಯ ಅಧ್ಯಾಪಕನಾದ ನನಗೆ ಅನ್ನಿಸಿದರೆ ವಾಚಕರು ಅದನ್ನು ವೃತ್ತಿದೋಷವೆಂದು ಮನ್ನಿಸಬೇಕು.

ಈ ಹೆಸರುಗಳ ತೊಡಕು ನನಗೆ ಹೊಳೆದದ್ದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರಿಂದ. ಬಿ.ಎ. ತರಗತಿಯಲ್ಲಿ ಐಚ್ಛಿಕ ಕನ್ನಡ ಓದಿದವರು, ಮದುವೆಯಾಗಿ ನಮ್ಮ ಸೀಮೆಯದೇ ಒಂದು ಪಟ್ಟಣಕ್ಕೆ ಹೋದರು. 2018ರಲ್ಲಿ ಅಲ್ಲಿನ ಪುರಸಭೆಗೆ ಆಯ್ಕೆಯಾದರು. ತರಗತಿಯಲ್ಲಿ ಏಕವಚನದಲ್ಲಿ ಕರೆದವನು ನಾನು. ಬರೆಹದಲ್ಲಿ ಬಹುವಚನ ಬಳಸುತ್ತಿದ್ದೇನೆ, ಅದು ಅವರು ಕುಳಿತ ಕುರ್ಚಿಗೆ ಸಲ್ಲತಕ್ಕದ್ದು. “ಸರ್, ನಾ ಪುರಪಿತೃ ಹ್ಯಾಂಗ ಆಗ್ತೀನ್ರಿ?” ಎಂದು ಅವರು ನಕ್ಕು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಪುರಮಾತೃ ಎಂಬ ಪದವನ್ನು ಯಾರೂ ಕಟ್ಟಿಲ್ಲ. ಕಟ್ಟುವವರು ಹೆಂಗಸರು ಈ ಸಭೆಗಳಿಗೆ ಹೀಗೆ ಗುಂಪಾಗಿ ಬಂದಾರೆಂದು ಎಣಿಸಿರಲಿಲ್ಲ. 1983ರ ಕಾಯಿದೆಯಿಂದ ಕರ್ನಾಟಕವು ಮಂಡಲ ಪಂಚಾಯತಿ, ಜಿಲ್ಲಾ ಪರಿಷತ್ತುಗಳಲ್ಲಿ ಹೆಂಗಸರಿಗೆ ಶೇಕಡ 25 ಸ್ಥಾನಗಳನ್ನು ಮೀಸಲಿಟ್ಟಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು ದೇಶಕ್ಕೆಲ್ಲ ಮೂರರಲ್ಲಿ ಒಂದು ಪಾಲನ್ನು ವಿಧಿಸಿದವು. ಕರ್ನಾಟಕ ಮುಂದೆ ಅದನ್ನು ಅರ್ಧಕ್ಕೆ ಏರಿಸಿತು.

ಊರಿನವರು ತಮ್ಮ ಊರನ್ನು ತಾವೇ ನೋಡಿಕೊಳ್ಳುವುದು ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. ಇಂಡಿ ತಾಲೂಕಿನ ಸಾಲೋಟಗಿಯ ಶಾಸನವನ್ನು ಇತಿಹಾಸದ ವಿದ್ಯಾರ್ಥಿಗಳೆಲ್ಲ ಬಲ್ಲರು. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ್ದು, ಕ್ರಿ. ಶ. 945ರದು. ಅಲ್ಲಿನ ವಿದ್ಯಾಶಾಲೆಗೆ ಅರಸನ ಮಂತ್ರಿ ನಾರಾಯಣನು ಕಟ್ಟಡ ಕಟ್ಟಿಸಿದನು. ಆದರೆ ಶಾಲೆಯನ್ನು ನಡೆಸುವುದರಲ್ಲಿ ಊರಿನ ಮಹಾಜನರ ಪಾಲೂ ಇದ್ದಿತು. ಮನೆಯಲ್ಲಿ ಮದುವೆಯಾದರೆ ಇಷ್ಟು, ಉಪನಯನವಾದರೆ ಇಷ್ಟು, ಚೌಲವಾದರೆ ಇಷ್ಟು ಎಂದು ಹಣ ಕೊಡಬೇಕೆಂಬ ಕಟ್ಟಳೆ ಶಾಸನದಲ್ಲಿದೆ. ಅದು ಎಲ್ಲ ಜನರ ಸಭೆಯಾಗಿರಲಿಲ್ಲ, ಅಗ್ರಹಾರದ ಬ್ರಾಹ್ಮಣ ಗೃಹಸ್ಥರ ಸಭೆ. ಅದನ್ನು ಇಂದಿನ ಪ್ರಜಾಪ್ರಭುತ್ವದ ಅಜ್ಜನೆಂದು ಬಣ್ಣಿಸುವ ಉತ್ಸಾಹ ನನಗಿಲ್ಲ. ಆದರೂ ಒಂದು ಅಂಶ ಗಮನಾರ್ಹವಾಗಿದೆ. ಸಭೆ ಕಟ್ಟಳೆ ಮಾಡಿತು, ಸಭೆಯವರೇ ಹಣ ಕೊಟ್ಟರು, ಆ ಹಣ ಆ ಊರಿನಲ್ಲಿಯೇ ಉಳಿಯಿತು.

ನಮ್ಮ ಕಾಲದ ಪುರಸಭೆ ಈ ಬಳ್ಳಿಯಿಂದ ಹಬ್ಬಿ ಬಂದುದಲ್ಲ. ಅದು ಬ್ರಿಟಿಷರ ಕಾಯಿದೆಯ ಕೂಸು. 1882ರಲ್ಲಿ ಲಾರ್ಡ್ ರಿಪ್ಪನ್ನನು ಹೊರಡಿಸಿದ ನಿರ್ಣಯದಲ್ಲಿ, ಆಡಳಿತದ ಸೊಗಸಿಗಿಂತ ಜನರ ರಾಜಕೀಯ ಶಿಕ್ಷಣವೇ ಸ್ಥಳೀಯ ಸಂಸ್ಥೆಗಳ ಮುಖ್ಯ ಪ್ರಯೋಜನವೆಂಬ ಅಭಿಪ್ರಾಯವಿದೆ. ಆ ಶಾಲೆಯಲ್ಲಿ ಕಲಿತವರು ಸಾಮಾನ್ಯರಲ್ಲ. ರಾಜಾಜಿ 1917ರಲ್ಲಿ ಸೇಲಂ ಪುರಸಭೆಯ ಅಧ್ಯಕ್ಷರಾದರು. ಜವಾಹರಲಾಲ ನೆಹರೂ 1923ರಲ್ಲಿ ಅಲಹಾಬಾದಿನಲ್ಲಿ. ಸರದಾರ ಪಟೇಲರು 1924ರಿಂದ 1928ರವರೆಗೆ ಅಹಮದಾಬಾದಿನಲ್ಲಿ. ಚರಂಡಿಯ ವಾಸನೆ ಬಲ್ಲವರೇ ಮುಂದೆ ದೇಶವನ್ನು ನಡೆಸಿದರು.

ನಮ್ಮವರಲ್ಲಿ ಒಬ್ಬರನ್ನು ನೆನೆಯದೆ ಮುಂದೆ ಹೋಗಲಾಗದು. ಫ. ಗು. ಹಳಕಟ್ಟಿಯವರು ಧಾರವಾಡದಲ್ಲಿ ಹುಟ್ಟಿ, ವಕೀಲಿಗಾಗಿ ಬಿಜಾಪುರಕ್ಕೆ ಬಂದು ಅಲ್ಲಿಯವರೇ ಆದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದವರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದವರು, ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು ಎಂದು ಸಾಹಿತ್ಯದ ವಿದ್ಯಾರ್ಥಿಗಳಿಗೆ ನಾವು ಪಾಠ ಹೇಳುತ್ತೇವೆ. ಅವರು ಬಿಜಾಪುರ ಪುರಸಭೆಯಲ್ಲಿಯೂ ದುಡಿದವರೆಂಬುದನ್ನು ಹೇಳುವುದಿಲ್ಲ. ಪರೀಕ್ಷೆಯಲ್ಲಿ ಅದಕ್ಕೆ ಅಂಕವಿಲ್ಲ. ಆ ಊರಿಗೆ ನೀರೊದಗಿಸಿದ ಭೂತನಾಳ ಕೆರೆಯ ಮಾತು ಬಂದಾಗ ಊರಿನ ಹಿರಿಯರು ಅವರ ಹೆಸರನ್ನು ಇಂದಿಗೂ ಎತ್ತುತ್ತಾರೆ. ತಾಳೆಗರಿಗಳ ಕಟ್ಟುಗಳನ್ನು ಹುಡುಕಿ ಮನೆಮನೆ ತಿರುಗಿದ ಕಾಲುಗಳೇ ಕೆರೆಯ ಕೆಲಸಕ್ಕೂ ತಿರುಗಿದವು. ಒಂದು ಘನವಾದದ್ದು, ಇನ್ನೊಂದು ಕ್ಷುಲ್ಲಕವಾದದ್ದು ಎಂದು ಅವರು ಬಗೆದಂತೆ ಕಾಣುವುದಿಲ್ಲ.

ಬಿಜಾಪುರದ ಇತಿಹಾಸವೆಂದರೆ ಬಹುಮಟ್ಟಿಗೆ ನೀರಿನ ಇತಿಹಾಸವೇ. ಆದಿಲಶಾಹಿಗಳು ತೊರವಿಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ತಂದರು. ಮಹಮ್ಮದ ಆದಿಲಶಾಹನ ಕಾಲದಲ್ಲಿ, 1651ರಲ್ಲಿ, ಬೇಗಂ ತಲಾಬು ಆಯಿತು. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಹರಿಯಿತು. ಒತ್ತಡಕ್ಕೆ ಕೊಳವೆ ಒಡೆಯಬಾರದೆಂದು ನಡುನಡುವೆ ಕಟ್ಟಿದ ಗಂಜ್ ಎಂಬ ಗೋಪುರಗಳಲ್ಲಿ ಕೆಲವನ್ನು ಇಂದಿಗೂ ನೋಡಬಹುದು. ಇದಲ್ಲದೆ ಚಾಂದ ಬಾವಡಿ, ತಾಜ ಬಾವಡಿಗಳಿದ್ದವು. 1686ರಲ್ಲಿ ಔರಂಗಜೇಬನು ಊರನ್ನು ಗೆದ್ದ ಮೇಲೆ ಅರಸರು ಹೋದರು. ಅವರ ಹಿಂದೆಯೇ ಕೊಳವೆಗಳನ್ನು ನೋಡಿಕೊಳ್ಳುವವರೂ ಹೋದರು. ಅರಸನ ಔದಾರ್ಯದಿಂದ ಬಂದ ನೀರಿಗೆ ಅರಸನೊಬ್ಬನೇ ವಾರಸುದಾರ. ಊರಿನ ಸಭೆಯೊಂದು ಇದ್ದಿದ್ದರೆ ಆ ಕೊಳವೆಗಳು ಉಳಿಯುತ್ತಿದ್ದವೇ ಎಂದು ನಾನು ಆಗಾಗ ಯೋಚಿಸುವುದುಂಟು. ಇಂದು ವಿಜಯಪುರಕ್ಕೆ ಮೂವತ್ತು ಕಿಲೋಮೀಟರಿಗೂ ಆಚೆಯ ಕೊಲ್ಹಾರದ ಬಳಿಯಿಂದ ಕೃಷ್ಣೆಯ ನೀರು ಏರಿ ಬರುತ್ತದೆ.

ಆ ದಾರಿಯಲ್ಲಿಯೇ ನಮ್ಮ ಮುಳವಾಡವಿದೆ. ಆಲಮಟ್ಟಿಯ ಹಿನ್ನೀರನ್ನೆತ್ತಿ ಒಣಭೂಮಿಗೆ ಹರಿಸುವ ದೊಡ್ಡ ಯೋಜನೆಗೆ ನಮ್ಮೂರಿನದೇ ಹೆಸರು: ಮುಳವಾಡ ಏತ ನೀರಾವರಿ. ಹೆಸರು ನಮ್ಮದು, ಕೆಲಸ ಮಾತ್ರ ಕೃಷ್ಣಾ ಭಾಗ್ಯ ಜಲ ನಿಗಮದ್ದು. ಅಷ್ಟು ದೊಡ್ಡ ಕಾಲುವೆಗಳನ್ನು ಗ್ರಾಮ ಪಂಚಾಯತಿ ತೋಡಲಾರದು, ನಿಜ. ನಾಲ್ಕಾರು ತಾಲೂಕುಗಳಿಗೆ ಸಂಬಂಧಿಸಿದ ಕೆಲಸಕ್ಕೆ ದೊಡ್ಡ ಸಂಸ್ಥೆ ಬೇಕೇ ಬೇಕು. ಆದರೆ ದೊಡ್ಡ ಕೆಲಸಕ್ಕೆ ಹುಟ್ಟಿದ ಈ ಪದ್ಧತಿ ಸಣ್ಣ ಕೆಲಸಗಳಿಗೂ ಹಬ್ಬಿದಾಗಲೇ ಮೆಂಬರನ ಕಷ್ಟ ಆರಂಭವಾಗುತ್ತದೆ. ಪಟ್ಟಣಗಳ ನೀರು ಪೂರೈಕೆಯ ದೊಡ್ಡ ಕಾಮಗಾರಿಗಳು 1970ರ ದಶಕದಿಂದ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಲಿಯ ಕೈಯಲ್ಲಿವೆ. 74ನೆಯ ತಿದ್ದುಪಡಿಯ ಜೊತೆಗೆ ಸಂವಿಧಾನಕ್ಕೆ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ ಪಟ್ಟಣಗಳಿಗೆ ಸೇರಬಹುದಾದ 18 ವಿಷಯಗಳನ್ನು ಎಣಿಸಿದೆ, ನೀರು ಅವುಗಳಲ್ಲೊಂದು. ಕೊಡಲೇಬೇಕೆಂದು ಸಂವಿಧಾನ ಹೇಳಲಿಲ್ಲ, ಕೊಡಬಹುದೆಂದಿತು. ಮೊದಲೇ ನಮ್ಮ ಸಂವಿಧಾನ ಪಟ್ಟಣಗಳ ವಿಷಯದಲ್ಲಿ ಮಿತಭಾಷಿ. 40ನೆಯ ವಿಧಿ ಗ್ರಾಮ ಪಂಚಾಯತಿಗಳನ್ನು ಹೆಸರಿಸಿತು, ಪುರಸಭೆಯ ಮಾತೆತ್ತಲಿಲ್ಲ.

ನನ್ನ ವಿದ್ಯಾರ್ಥಿನಿ ಇದನ್ನೆಲ್ಲ ಕಾಯಿದೆಯ ಭಾಷೆಯಲ್ಲಿ ಹೇಳಲಿಲ್ಲ. “ಸರ್, ಕಸ ನಮ್ಮದು, ಗಟಾರ ನಮ್ಮದು, ಬೀದಿ ದೀಪ ನಮ್ಮದು. ನೀರಿನ ದೊಡ್ಡ ಪೈಪು ಬೋರ್ಡಿನವ್ರದು. ಊರಾಗಿನ ದೊಡ್ಡ ರಸ್ತಾ ಪಿಡಬ್ಲ್ಯುಡಿಯವ್ರದು. ಬೈಗಳ ಮಾತ್ರ ಪೂರಾ ನಮಗ ನೋಡ್ರಿ.” ಅವರ ವಾರ್ಡು ಕೊಳವೆಯ ತುದಿಯಲ್ಲಿತ್ತು. ಮೇಲಿನ ಓಣಿಗಳ ಕೊಡಗಳು ತುಂಬಿದ ಮೇಲೆ ಉಳಿದಷ್ಟು ಅಲ್ಲಿಗೆ. ಎಂದು ಬರುವುದೋ ತಿಳಿಯದು. ಕೂಲಿಗೆ ಹೋದ ಹೆಂಗಸು ನೀರು ಬಂದ ದಿನ ಮನೆಯಲ್ಲಿಲ್ಲದಿದ್ದರೆ ಮತ್ತೆ ಎಂಟು ದಿನ ಕಾಯಬೇಕು. ಮನೆಯಲ್ಲಿ ಕುಳಿತರೆ ಕೂಲಿ ಹೋಯಿತು. ಹೆಚ್ಚು ನೀರು ಬೇಕೆಂದು ಅವರು ಕೇಳಲಿಲ್ಲ. ಬಿಡುವ ವೇಳೆಯನ್ನು ಮೊದಲೇ ತಿಳಿಸಬೇಕೆಂಬುದಷ್ಟೇ ಅವರ ಬೇಡಿಕೆಯಾಗಿತ್ತು.

ಇಷ್ಟು ಕೇಳುವುದಕ್ಕೂ ಸಭೆ ಸೇರಬೇಕಲ್ಲವೆ? 2018ರ ಆಗಸ್ಟಿನಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ಪಟ್ಟಣಗಳಲ್ಲಿ ಮತದಾನ ನಡೆಯಿತು. ನಮ್ಮ ಸೀಮೆಯ ಬಸವನ ಬಾಗೇವಾಡಿ, ಮುದ್ದೇಬಿಹಾಳಗಳೂ ಅವುಗಳಲ್ಲಿದ್ದವು. ಅಧ್ಯಕ್ಷ ಸ್ಥಾನಗಳ ಮೀಸಲಾತಿಯ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿತು. ಎರಡು ವರ್ಷ ಕಳೆದು 2020ರ ಕೊನೆಯ ತಿಂಗಳುಗಳಲ್ಲಿ ಅಧ್ಯಕ್ಷರ ಆಯ್ಕೆಯಾಯಿತು. ಗೆದ್ದವರು ಅಲ್ಲಿಯವರೆಗೆ ಮನೆಯಲ್ಲಿದ್ದರು. ಊರನ್ನು ಆಡಳಿತಾಧಿಕಾರಿಗಳು ನೋಡಿಕೊಂಡರು. ಸಭೆಯ ಐದು ವರ್ಷಗಳನ್ನು ಎಣಿಸುವುದು ಮೊದಲ ಸಭೆಯ ದಿನದಿಂದ. ಆದುದರಿಂದ ಕಾಯಿದೆಯ ಲೆಕ್ಕದಲ್ಲಿ ಆ ಎರಡು ವರ್ಷ ಕಳೆದೇ ಇಲ್ಲ. ಓಣಿಯ ಹೆಂಗಸರ ಲೆಕ್ಕ ಬೇರೆ. “ಆರಿಸಿ ಬಂದ ಮ್ಯಾಲ ಎರಡು ಬ್ಯಾಸಗಿ ಹೋದ್ವು ಸರ್. ಓಣ್ಯಾಗ ಮಾರಿ ತೋರ್ಸಾಕ ನಾಚಿಕಿ ಬರ್ತಿತ್ತು.” ಮೂವತ್ತು ತಿಂಗಳ ಮೊದಲ ಅವಧಿ 2023ರಲ್ಲಿ ಮುಗಿದಾಗ ಎರಡನೆಯ ಅವಧಿಯ ಮೀಸಲಾತಿ ಪಟ್ಟಿ ಹೊರಬೀಳಲು 2024ರ ಆಗಸ್ಟ್ ಬೇಕಾಯಿತು. ಜಿಲ್ಲೆಯ ಮುಖ್ಯ ಪಟ್ಟಣದ ಕಥೆಯೂ ಬೇರೆಯಲ್ಲ. ವಿಜಯಪುರ ಮಹಾನಗರ ಪಾಲಿಕೆಯ 35 ವಾರ್ಡುಗಳಿಗೆ 2022ರ ಅಕ್ಟೋಬರಿನಲ್ಲಿ ಚುನಾವಣೆಯಾಯಿತು. ಮೇಯರರ ಆಯ್ಕೆ 2024ರ ಜನವರಿಯಲ್ಲಿ. ಪಕ್ಷ ಯಾವುದೇ ಅಧಿಕಾರದಲ್ಲಿರಲಿ, ಈ ವಿಳಂಬದ ವಿಷಯದಲ್ಲಿ ಎಲ್ಲರದೂ ಒಂದೇ ಪಂಥ. ಮೀಸಲಾತಿಯನ್ನು ದೂರುವವರು ಇಲ್ಲಿ ಅವಸರ ಮಾಡಬಾರದು. ಅದಿಲ್ಲದೆ ನನ್ನ ವಿದ್ಯಾರ್ಥಿನಿಯಂಥವರು ಆ ಬಾಗಿಲನ್ನೇ ಕಾಣುತ್ತಿರಲಿಲ್ಲ. ಪಟ್ಟಿಯನ್ನು ಚುನಾವಣೆಗೆ ಮೊದಲೇ ಸಿದ್ಧಪಡಿಸಬಾರದೆಂದು ಯಾರೂ ತಡೆದಿರಲಿಲ್ಲ.

ಒಂದು ದಿನ ಅವರು ಪುರಸಭೆಯ ನಡಾವಳಿಯ ಪ್ರತಿಗಳನ್ನು ತಂದು ನನ್ನ ಮುಂದಿಟ್ಟರು. ‘ಸೂಕ್ತ ಕ್ರಮ ಕೈಗೊಳ್ಳಲು ಸರ್ವಾನುಮತದಿಂದ ಠರಾವಿಸಲಾಯಿತು’, ‘ಪರಿಶೀಲಿಸಲು ಸೂಚಿಸಲಾಯಿತು’ — ಪುಟ ತಿರುವಿದಂತೆಲ್ಲ ಇದೇ. ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನಕ್ಕೆ ಒಗ್ಗದೆಂದು ನಾವು ವ್ಯಾಕರಣ ಪಾಠದಲ್ಲಿ ಹೇಳುತ್ತೇವೆ. ಕಚೇರಿಗೆ ಅದು ಚೆನ್ನಾಗಿ ಒಗ್ಗಿದೆ, ಏಕೆಂದರೆ ಅಲ್ಲಿ ಕರ್ತೃವನ್ನು ಹೇಳಬೇಕಾಗಿಲ್ಲ. ಯಾರು ಮಾಡಬೇಕು, ಯಾವ ದಿನದೊಳಗೆ ಎಂಬುದು ಒಂದರಲ್ಲಿಯೂ ಇರಲಿಲ್ಲ. ಇಬ್ಬರೂ ಕುಳಿತು ಅವರ ಸೂಚನೆಯನ್ನು ತಿದ್ದಿ ಬರೆದೆವು: ಇಂಥ ಸಿಬ್ಬಂದಿ, ಇಂಥ ವಾರ್ಡಿಗೆ, ನೀರು ಬಿಡುವ ಹಿಂದಿನ ದಿನ ಸಂಜೆಯೊಳಗೆ ವೇಳೆಯನ್ನು ತಿಳಿಸತಕ್ಕದ್ದು. ಅವರು ಅದನ್ನು ಸಭೆಯಲ್ಲಿ ಓದಿದರು, ಯಾರೂ ವಿರೋಧಿಸಲಿಲ್ಲ. ಮುಂದಿನ ಸಭೆಗೆ ಬಂದ ನಡಾವಳಿಯಲ್ಲಿ ಅದು ಮತ್ತೆ ‘ಸೂಕ್ತ ಕ್ರಮ ಕೈಗೊಳ್ಳಲು ಸೂಚಿಸಲಾಯಿತು’ ಎಂದಾಗಿತ್ತು. ಅವರು ಎದ್ದು ನಿಂತು, ತಾವು ಓದಿದ್ದು ಇದಲ್ಲವೆಂದು ಹೇಳಿ, ಕೈಬರೆಹದ ಪ್ರತಿಯನ್ನು ಮೇಜಿನ ಮೇಲಿಟ್ಟು, ಅದು ದಾಖಲೆಗೆ ಸೇರುವವರೆಗೆ ಕುಳಿತುಕೊಳ್ಳಲಿಲ್ಲ. ನೀರು ಬಿಡುವವನು ಈಗ ಹಿಂದಿನ ಸಂಜೆ ಅವರ ಓಣಿಗೆ ಫೋನು ಮಾಡುತ್ತಾನೆ. ನೀರು ಮೊದಲಿನಂತೆಯೇ ಎಂಟು ದಿನಕ್ಕೊಮ್ಮೆ ಬರುತ್ತದೆ.