ಕಿಯಾರಿ ಇರುವ ಕುತ್ತಿಗೆಗೆ ನೆಟಿಗೆ ಬೇಡ

ಕೆಮ್ಮಿದರೆ ತಲೆಯ ಹಿಂಭಾಗದಲ್ಲಿ ಸಿಡಿತ. ಸೀನಿದರೆ, ಜೋರಾಗಿ ನಕ್ಕರೆ, ತುಂಬಿದ ಬಿಂದಿಗೆ ಎತ್ತಿದರೆ, ಮಲಬದ್ಧತೆಯಲ್ಲಿ ತಿಣುಕಿದರೆ ಮತ್ತೆ ಅದೇ ನೋವು. ಕುತ್ತಿಗೆಯಂತೂ ಸದಾ ಬಿಗಿ. ಹೀಗೆ ಹೇಳಿಕೊಂಡು ಬರುವವರಿಗೆ ಮೊದಲು ಅಂಟುವ ಹಣೆಪಟ್ಟಿ ಮೈಗ್ರೇನ್, ಇಲ್ಲವೇ ಸರ್ವೈಕಲ್ ಸ್ಪಾಂಡಿಲೋಸಿಸ್. ಅಮೆರಿಕದ ಗಾಯಕಿ ರೋಸನ್ ಕ್ಯಾಶ್ ವರ್ಷಗಟ್ಟಲೆ ಇಂಥ ತಲೆನೋವಿನಲ್ಲಿ ನರಳಿ, ಕೊನೆಗೆ 2007ರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅವರಿಗಿದ್ದದ್ದು ಕಿಯಾರಿ ಮಾಲ್‌ಫಾರ್ಮೇಶನ್, ಅದರ ಒಂದನೇ ಬಗೆ.

ತಲೆಬುರುಡೆಯ ತಳದಲ್ಲಿ ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದದ ಒಂದು ತೂತಿದೆ. ಮಿದುಳಿನ ಕಾಂಡ ಬೆನ್ನುಹುರಿಯಾಗಿ ಕೆಳಗಿಳಿಯುವುದು ಇಲ್ಲಿಂದಲೇ. ವೈದ್ಯರು ಇದನ್ನು ಮಹಾರಂಧ್ರ ಎನ್ನುತ್ತಾರೆ. ಇದರ ತುಸು ಮೇಲೆ ಕಿರುಮಿದುಳು ಕೂತಿರುತ್ತದೆ. ಅದರ ತಳದ ಎರಡು ಪುಟ್ಟ ಉಬ್ಬುಗಳಿಗೂ ಟಾನ್ಸಿಲ್ ಎಂದೇ ಹೆಸರು. ಗಂಟಲಿನ ಟಾನ್ಸಿಲ್‌ಗೂ ಇವಕ್ಕೂ ಸಂಬಂಧವಿಲ್ಲ. ಈ ಉಬ್ಬುಗಳು ಮಹಾರಂಧ್ರವನ್ನು ದಾಟಿ 5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಕೆಳಗೆ ಜಾರಿದ್ದರೆ ಅದು ಕಿಯಾರಿ. ಬಹಳ ಮಂದಿಯಲ್ಲಿ ತಲೆಬುರುಡೆಯ ಹಿಂಬದಿಯ ಗುಂಡಿ ಬೆಳೆಯುವಾಗಲೇ ಕಿರಿದಾಗಿ, ಕಿರುಮಿದುಳಿಗೆ ಜಾಗ ಸಾಲದೆ ಹೀಗಾಗುತ್ತದೆ. 1891ರಲ್ಲಿ ಪ್ರಾಗ್ ನಗರದ ರೋಗಶಾಸ್ತ್ರಜ್ಞ ಹಾನ್ಸ್ ಕಿಯಾರಿ ಇದನ್ನು ವಿವರಿಸಿದ್ದು ಶವಪರೀಕ್ಷೆಯ ಮೇಜಿನಲ್ಲಿ ಕಂಡದ್ದರ ಆಧಾರದಿಂದ. ಬದುಕಿರುವವರಲ್ಲಿ ಇದನ್ನು ಸಲೀಸಾಗಿ ನೋಡಲು ಎಂಆರ್‌ಐ ಬರುವವರೆಗೆ ಕಾಯಬೇಕಾಯಿತು.

ಬರೀ ಅರ್ಧ ಸೆಂಟಿಮೀಟರ್ ಜಾರಿದರೆ ಏನಾದೀತು ಎನ್ನಬಹುದು. ತೊಂದರೆ ಇರುವುದು ನೀರಿನ ಓಡಾಟದಲ್ಲಿ. ಮಿದುಳು ಮತ್ತು ಬೆನ್ನುಹುರಿಯ ಸುತ್ತ ಸುಮಾರು 150 ಮಿಲಿಲೀಟರ್ ತಿಳಿದ್ರವ ಇರುತ್ತದೆ; ದಿನಕ್ಕೆ ಅರ್ಧ ಲೀಟರ್‌ನಷ್ಟು ಹೊಸದಾಗಿ ಉತ್ಪತ್ತಿಯಾಗಿ, ಹಳೆಯದು ರಕ್ತಕ್ಕೆ ಸೇರುತ್ತದೆ. ಪ್ರತಿ ಹೃದಯಬಡಿತಕ್ಕೂ ಈ ದ್ರವ ಮಹಾರಂಧ್ರದ ಮೂಲಕ ಒಂದಿಷ್ಟು ಕೆಳಗಿಳಿದು ಮೇಲೇರುತ್ತದೆ. ಅಲ್ಲಿ ಟಾನ್ಸಿಲ್‌ಗಳು ತುರುಕಿಕೊಂಡಿದ್ದರೆ ದ್ರವದ ಬದಲು ಅವೇ ಪಿಸ್ಟನ್ನಿನಂತೆ ಬಡಿತಬಡಿತಕ್ಕೂ ಕೆಳಕ್ಕೆ ಒತ್ತುತ್ತವೆ. 1994ರಲ್ಲಿ ಅಮೆರಿಕದ ನರಶಸ್ತ್ರಚಿಕಿತ್ಸಕ ಎಡ್ವರ್ಡ್ ಓಲ್ಡ್‌ಫೀಲ್ಡ್ ಮತ್ತವರ ಸಂಗಡಿಗರು ಇದನ್ನು ಎಂಆರ್‌ಐ ಚಿತ್ರಗಳಲ್ಲೂ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲೂ ತೋರಿಸಿಕೊಟ್ಟರು. ಕೆಮ್ಮಿದಾಗ ನೋವು ಸಿಡಿಯುವುದಕ್ಕೂ ಇದೇ ವಿವರಣೆ: ಆ ಕ್ಷಣದಲ್ಲಿ ಏರಿದ ಒತ್ತಡ ಇಳಿಯಲು ದಾರಿ ಇರುವುದಿಲ್ಲ. ಈ ಒತ್ತು ವರ್ಷಗಟ್ಟಲೆ ಮುಂದುವರಿದರೆ ಕೆಲವರಲ್ಲಿ ಬೆನ್ನುಹುರಿಯ ಒಳಗೇ ನೀರು ತುಂಬಿದ ಪೊಳ್ಳು ಬೆಳೆಯುತ್ತದೆ. ಇದಕ್ಕೆ ಸಿರಿಂಗೋಮೈಲಿಯಾ ಎನ್ನುತ್ತಾರೆ. ಆಗ ಕೈಗಳಲ್ಲಿ ಮುಟ್ಟಿದ್ದು ತಿಳಿಯುತ್ತದೆ, ಆದರೆ ಬಿಸಿ ತಿಳಿಯುವುದಿಲ್ಲ. ಕಾದ ಹೆಂಚು ತಾಗಿ ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುವುದು.

ಇಂಥ ನೋವಿಗೆ ಕೆಲವರು ಮೊರೆಹೋಗುವುದು ಕೈರೋಪ್ರಾಕ್ಟಿಕ್‌ಗೆ, ಅಂದರೆ ಬೆನ್ನುಮೂಳೆ, ಕುತ್ತಿಗೆಯನ್ನು ಕೈಯಿಂದ ಒತ್ತಿ ತಿರುಚುವ ಚಿಕಿತ್ಸೆಗೆ. ಇದು ಹುಟ್ಟಿದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ಊರಿನಲ್ಲಿ. ಅಯಸ್ಕಾಂತ ಚಿಕಿತ್ಸೆ ಮಾಡುತ್ತಿದ್ದ ಡೇನಿಯಲ್ ಡೇವಿಡ್ ಪಾಮರ್ ಎಂಬಾತ ಕಟ್ಟಡದ ಸ್ವಚ್ಛತಾ ಕೆಲಸಗಾರ ಹಾರ್ವಿ ಲಿಲ್ಲಾರ್ಡ್‌ನ ಬೆನ್ನುಮೂಳೆಯನ್ನು ಒತ್ತಿ ಕಿವುಡುತನ ವಾಸಿಮಾಡಿದೆ ಎಂದು ಹೇಳಿಕೊಂಡ. (ಕೇಳುವ ನರ ಕಿವಿಯಿಂದ ನೇರ ಮಿದುಳಿಗೆ ಹೋಗುತ್ತದೆ, ಬೆನ್ನಿನ ಕಡೆ ತಿರುಗಿಯೂ ನೋಡುವುದಿಲ್ಲ.) ಬೆನ್ನುಮೂಳೆ ಜಾಗ ತಪ್ಪುವುದೇ ಬಹುಪಾಲು ರೋಗಗಳ ಮೂಲ ಎಂಬ ಅವನ ಸಿದ್ಧಾಂತಕ್ಕೆ ಇಂದಿಗೂ ಆಧಾರ ಸಿಕ್ಕಿಲ್ಲ. ಹಾಗೆಂದು ಇಡೀ ಪದ್ಧತಿಯನ್ನು ಕಸದ ಬುಟ್ಟಿಗೆ ಹಾಕುವುದೂ ನ್ಯಾಯವಲ್ಲ. ಮಾಮೂಲಿ ಬೆನ್ನುನೋವು, ಕುತ್ತಿಗೆನೋವಿಗೆ ಈ ಕೈಚಿಕಿತ್ಸೆಯಿಂದ ಸ್ವಲ್ಪ ಮಟ್ಟಿನ, ಸ್ವಲ್ಪ ಕಾಲದ ಆರಾಮ ಸಿಗುವುದುಂಟು.

ಕಿಯಾರಿ ರೋಗಿಗಳನ್ನು ಹೆಚ್ಚಾಗಿ ಸೆಳೆಯುವುದು ಈ ಪದ್ಧತಿಯ ಒಂದು ಕವಲು. ಕುತ್ತಿಗೆಯ ಮೊದಲ ಮೂಳೆ ಅಟ್ಲಾಸ್ ಕೊಂಚ ವಾಲಿದ್ದರೆ ದ್ರವದ ಹರಿವು ಕೆಡುತ್ತದೆ, ಎಕ್ಸ್‌ರೇ ನೋಡಿ ಮೆಲ್ಲಗೆ ಒತ್ತಿ ಸರಿಪಡಿಸುತ್ತೇವೆ ಎಂದು ಈ ಕವಲಿನವರು ಹೇಳುತ್ತಾರೆ. ಕೇಳಲು ತರ್ಕಬದ್ಧವಾಗಿದೆ. ಆದರೆ ಕೈಯಲ್ಲಿರುವ ಪುರಾವೆ ಎಂದರೆ ಒಬ್ಬಿಬ್ಬರು ರೋಗಿಗಳ ಕಥನ. ಕಿಯಾರಿಯ ನೋವು ತಾನಾಗಿಯೇ ಏರಿಳಿಯುವಂಥದ್ದು. ಕುತ್ತಿಗೆಯ ಸ್ನಾಯು ಸಡಿಲಾದರೂ ಹಾಯೆನಿಸುತ್ತದೆ. ಇದನ್ನೆಲ್ಲ ಬೇರ್ಪಡಿಸಿ ನೋಡದ ಹೊರತು ಒಬ್ಬರಿಗೆ ವಾಸಿಯಾಯಿತು ಎಂಬ ಮಾತಿಗೆ ತೂಕವಿಲ್ಲ. ಕಿರಿದಾಗಿ ಬೆಳೆದ ಬುರುಡೆಯನ್ನು ಬೆರಳಿನ ಒತ್ತು ಹಿಗ್ಗಿಸುವುದಿಲ್ಲ.

ಮೆಲ್ಲಗೆ ಒತ್ತುವುದರಿಂದ ಹೋಗುವುದು ಹಣ ಮತ್ತು ಕಾಲ. ತಲೆಯನ್ನು ಹಿಡಿದು ಲಟಕ್ಕನೆ ತಿರುಗಿಸುವುದರ ಕಥೆ ಬೇರೆ. ಕೀಲಿನ ದ್ರವದಲ್ಲಿ ಒತ್ತಡ ತಟ್ಟನೆ ಇಳಿದು ಗಾಳಿಗುಳ್ಳೆ ಏಳುವಾಗ ಆ ಸದ್ದು ಬರುತ್ತದೆಯೇ ಹೊರತು ಮೂಳೆ ಜಾಗಕ್ಕೆ ಕೂತದ್ದರಿಂದಲ್ಲ. ಕುತ್ತಿಗೆ ತಿರುಗಿಸುವ ಚಲನೆಯ ಸುಮಾರು ಅರ್ಧಭಾಗ ಮೊದಲ ಎರಡು ಮೂಳೆಗಳ ನಡುವೆಯೇ ನಡೆಯುತ್ತದೆ. ಕಿಯಾರಿಯ ಇಕ್ಕಟ್ಟು ಇರುವುದೂ ಅದರ ತುಸು ಮೇಲೆಯೇ. ಮಿದುಳಿಗೆ ರಕ್ತ ಒಯ್ಯುವ ವರ್ಟಿಬ್ರಲ್ ಧಮನಿಗಳು ಅಟ್ಲಾಸ್‌ನ ಬೆನ್ನೇರಿ ಬಳಸಿ ಹೋಗುತ್ತವೆ. ಅವುಗಳ ಒಳಪದರ ಹರಿದರೆ ಪಾರ್ಶ್ವವಾಯು ಆಗಬಹುದು. ಇದು ಅಪರೂಪ, ಕುತ್ತಿಗೆ ತಿರುಚಿದ್ದೇ ಕಾರಣ ಎಂದು ಖಚಿತವಾಗಿಲ್ಲವಾದರೂ, ಚಿಕಿತ್ಸೆಗೆ ಮುನ್ನ ರೋಗಿಗೆ ಇದನ್ನು ತಿಳಿಸಬೇಕೆಂದು 2014ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳಿತು. ಕಿಯಾರಿಯ ಮಟ್ಟಿಗಂತೂ ಚರ್ಚೆಗೆ ಜಾಗವೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಕೈರೋಪ್ರಾಕ್ಟಿಕ್ ತರಬೇತಿ ಮತ್ತು ಸುರಕ್ಷತೆಗೆಂದೇ ಹೊರಡಿಸಿದ ಮಾರ್ಗಸೂಚಿಯಲ್ಲಿ, ಬೆನ್ನುಮೂಳೆ ತಿರುಚಲೇಬಾರದ ಸ್ಥಿತಿಗಳ ಪಟ್ಟಿಯೊಳಗೆ ಕಿಯಾರಿಯೂ ಇದೆ, ಸಿರಿಂಗೋಮೈಲಿಯಾವೂ ಇದೆ.

ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿದ್ದ ನರಶಸ್ತ್ರಚಿಕಿತ್ಸಕ ಅತುಲ್ ಗೋಯೆಲ್ 2015ರಲ್ಲಿ ಮಂಡಿಸಿದ ವಾದ ಇಲ್ಲಿ ಕುತೂಹಲಕರ. ಕಿಯಾರಿಗೆ ಮೂಲ ಕಾರಣ ಕುತ್ತಿಗೆಯ ಮೊದಲ ಎರಡು ಮೂಳೆಗಳ ಅಸ್ಥಿರತೆಯೇ ಎನ್ನುವ ಅವರು 65 ರೋಗಿಗಳಲ್ಲಿ ಆ ಮೂಳೆಗಳನ್ನು ತಿರುಪುಗಳಿಂದ ಬಿಗಿದ ಅನುಭವ ಪ್ರಕಟಿಸಿದರು. ಎಲ್ಲ ಶಸ್ತ್ರಚಿಕಿತ್ಸಕರೂ ಇದನ್ನು ಒಪ್ಪಿಲ್ಲ. ಒಪ್ಪಿದರೂ ಕೈರೋಪ್ರಾಕ್ಟಿಕ್‌ಗೆ ಅದರಿಂದ ಬಲ ಬರುವುದಿಲ್ಲ: ಕುತ್ತಿಗೆಯ ಮೂಳೆಯೇ ಅಪರಾಧಿ ಎಂದಾದರೆ ಅದನ್ನು ಅಲುಗದಂತೆ ಹಿಡಿಯಬೇಕು, ಇನ್ನಷ್ಟು ಅಲುಗಿಸುವುದಲ್ಲ.

ಎಂಆರ್‌ಐ ವರದಿಯಲ್ಲಿ ಕಿಯಾರಿ ಎಂದು ಬಂದವರೆಲ್ಲ ಆಪರೇಷನ್ ಮೇಜು ಹತ್ತಬೇಕಿಲ್ಲ. ಬೇರೇನಕ್ಕೋ ತೆಗೆಸಿದ ಸ್ಕ್ಯಾನ್‌ನಲ್ಲಿ ಅಕಸ್ಮಾತ್ ಕಂಡು, ಜೀವನವಿಡೀ ತೊಂದರೆ ಕೊಡದೆ ಇರುವುದೂ ಸಾಮಾನ್ಯ. ಲಕ್ಷಣ ಜೋರಾಗಿದ್ದರೆ, ಬೆನ್ನುಹುರಿಯಲ್ಲಿ ಪೊಳ್ಳು ಕಂಡರೆ, ಬುರುಡೆಯ ಹಿಂಬದಿಯ ಒಂದಿಷ್ಟು ಮೂಳೆ ತೆಗೆದು ಜಾಗ ಮಾಡಿಕೊಡುತ್ತಾರೆ. ಸ್ನಾಯು ಬಿಗಿತಕ್ಕೆ ಬಿಸಿನೀರಿನ ಶಾಖ, ನರರೋಗ ತಜ್ಞರು ಒಪ್ಪಿದ ಫಿಸಿಯೋಥೆರಪಿ ಸಾಕು.

ಕೆಮ್ಮಿದಾಗ ತಲೆಯ ಹಿಂಭಾಗ ಸಿಡಿಯುತ್ತಿದ್ದರೆ, ನುಂಗುವಾಗ ತಡೆಯುತ್ತಿದ್ದರೆ, ನಡೆವಾಗ ತೂಗಾಡುವಂತಾದರೆ, ಕೈಗೆ ಬಿಸಿ ತಿಳಿಯದಿದ್ದರೆ ಕುತ್ತಿಗೆ ಒತ್ತಿಸಿಕೊಳ್ಳುವ ಮೊದಲು ನರರೋಗ ತಜ್ಞರನ್ನು ಕಾಣಿ. ಕಿಯಾರಿ ಇದೆ ಎಂದು ಈಗಾಗಲೇ ಗೊತ್ತಿದ್ದರೆ ಕೈರೋಪ್ರಾಕ್ಟರ್, ಮಸಾಜ್ ಮಾಡುವವರು, ಕ್ಷೌರ ಮುಗಿಸಿ ಪ್ರೀತಿಯಿಂದ ನೆಟಿಗೆ ತೆಗೆಯಲು ತಲೆ ಹಿಡಿಯುವವರು, ಯಾರೇ ಆಗಲಿ, ಕುತ್ತಿಗೆಗೆ ಕೈ ಹಾಕುವ ಮೊದಲೇ ಬೇಡ ಎಂದು ಹೇಳಿಬಿಡಿ.