ಕಾರ್ಮಿಕ ಧುರೀಣರ ದನಿ ಮತ್ತು ಮುಂಡಗೋಡದ ಟಿಬೆಟನ್ನರು

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದಲ್ಲಿ ಟಿಬೆಟನ್ ನಿರಾಶ್ರಿತರ ವಸಾಹತು 1966ರಲ್ಲಿ ಸ್ಥಾಪನೆಗೊಂಡಿತು. ಟಿಬೆಟಿನ ಸ್ವಾತಂತ್ರ್ಯದ ಪರವಾಗಿ ಸಂಸತ್ತಿನ ಒಳಗೂ ಹೊರಗೂ ದೀರ್ಘಕಾಲ ದನಿಯೆತ್ತಿದವರಲ್ಲಿ ಮಂಗಳೂರಿನಲ್ಲಿ ಜನಿಸಿದ ಕಾರ್ಮಿಕ ಧುರೀಣ ಜಾರ್ಜ್ ಫರ್ನಾಂಡಿಸ್ (1930–2019) ಪ್ರಮುಖರು. 1974ರ ರೈಲ್ವೆ ಮುಷ್ಕರದ ಈ ನಾಯಕರಿಗೆ ಐಕಮತ್ಯವೆಂಬುದು ಕಾರ್ಮಿಕ ಸಂಘದ ಎಲ್ಲೆಯನ್ನು ಮೀರಿದ ಮೌಲ್ಯವಾಗಿತ್ತು. ದೇಶ ತೊರೆದು ಬಂದ ಬರ್ಮಾದ ಪ್ರಜಾಪ್ರಭುತ್ವವಾದಿ ವಿದ್ಯಾರ್ಥಿಗಳಿಗೂ ದೆಹಲಿಯ ಅವರ ನಿವಾಸ ಆಶ್ರಯ ನೀಡಿತ್ತು.

ಅವರ ಮಾರ್ಗ ನಿರ್ವಿವಾದವಾದುದೇನಲ್ಲ. ತುರ್ತು ಪರಿಸ್ಥಿತಿಯಲ್ಲಿ ಅವರು ಬರೋಡಾ ಡೈನಮೈಟ್ ಪ್ರಕರಣದ ಆರೋಪಿಯಾದರು. ಆದರೆ ಅವರ ಬಿಡುಗಡೆಗೆ ದಾರಿಯಾದದ್ದು 1977ರ ಚುನಾವಣೆ; ಸೆರೆಯಲ್ಲಿದ್ದುಕೊಂಡೇ ಅವರು ಮುಜಫ್ಫರ್‌ಪುರದಿಂದ ಲೋಕಸಭೆಗೆ ಆಯ್ಕೆಯಾದರು.

ಶಾಂತಿಯುತ ಪರಿವರ್ತನೆಯ ಈ ಮತಮಾರ್ಗವನ್ನು ನಿರಾಶ್ರಿತರೂ ತಮ್ಮದಾಗಿಸಿಕೊಂಡರು. 2001ರಲ್ಲಿ ದೇಶಾಂತರವಾಸಿ ಟಿಬೆಟನ್ನರು ತಮ್ಮ ಆಡಳಿತದ ಮುಖ್ಯಸ್ಥರನ್ನು ಪ್ರಥಮ ಬಾರಿಗೆ ನೇರ ಮತದಾನದಿಂದ ಆರಿಸಿದರು. ತಾಯ್ನೆಲ ಕೈತಪ್ಪಿದರೂ ಪ್ರಜಾಪ್ರಭುತ್ವವನ್ನು ಕಟ್ಟಿಕೊಳ್ಳಬಹುದೆಂಬುದಕ್ಕೆ ಇದು ನಿದರ್ಶನ.