ಷೋಕಿ ಕಾರಿನಲ್ಲಿ ಡೀಸೆಲ್ ಎಂಜಿನ್ನು: 300 ಸಿ.ಡಿ. ಕೂಪೆಯಿಂದ ನಾವು ತಿಳಿಯಬೇಕಾದ್ದು

ನಮ್ಮ ಮಲೆನಾಡಿನಲ್ಲಿ ಡೀಸೆಲ್ ಎಂದರೆ ದುಡಿಮೆಯ ಎಣ್ಣೆ. ಹಳ್ಳದಿಂದ ತೋಟಕ್ಕೆ ನೀರೆತ್ತುವ ಪಂಪ್‌ಸೆಟ್ಟು, ಪಲ್ಪರ್ ತಿರುಗಿಸುವ ಎಂಜಿನ್ನು, ಗೊಬ್ಬರ ಹೊರುವ ಟ್ರ್ಯಾಕ್ಟರು, ಕ್ಯೂರಿಂಗ್ ವರ್ಕ್ಸಿಗೆ ಕಾಫಿ ಮೂಟೆ ಸಾಗಿಸುವ ಲಾರಿ, ಇವೆಲ್ಲ ಡೀಸೆಲ್ಲಿನ ಸಂಸಾರ. ಷೋಕಿಯ ಕಾರಿಗೂ ಈ ಎಣ್ಣೆಗೂ ಬಹುಕಾಲ ದೂರದ ನಂಟು. ಹೀಗಿರುವಾಗ ಎರಡೇ ಬಾಗಿಲಿನ, ಬೆಲೆಬಾಳುವ, ತಾನೇ ಗೇರು ಬದಲಿಸಿಕೊಳ್ಳುವ ಕೂಪೆ ಕಾರಿಗೆ ಡೀಸೆಲ್ ಎಂಜಿನ್ನು ಕೂಡಿಸಿದರೆ ಏನಾದೀತು? ಜರ್ಮನಿಯ ಮರ್ಸಿಡಿಸ್ ಬೆಂಝ್ ಕಂಪೆನಿ 1977ರಲ್ಲಿ ಇದನ್ನೇ ಮಾಡಿತು. ಆ ಕಾರಿನ ಹೆಸರು 300 ಸಿ.ಡಿ.

ಕೊಳೆರೋಗ, ಕಾಂಡಕೊರಕ, ಬೋರ್ಡೋ ದ್ರಾವಣಗಳ ಮಾತು ಬರಬೇಕಾದ ಪತ್ರಿಕೆಯಲ್ಲಿ ಜರ್ಮನಿಯ ಕಾರೇಕೆ ಎಂದು ಬೆಳೆಗಾರ ಬಂಧುಗಳು ಕೇಳಬಹುದು. ಕಾರಣ ಎರಡು. ಆ ಎಂಜಿನ್ನಿನ ಒಡಹುಟ್ಟು ನಮ್ಮ ತೋಟದ ದಾರಿಗಳಲ್ಲೇ ದುಡಿದಿದೆ. ಅಲ್ಲದೆ, ವಾಹನ ಕೊಳ್ಳುವಾಗ ನಾವು ಯಾವ ಅಂಕಿಯನ್ನು ನೋಡಬೇಕು, ಯಾವುದಕ್ಕೆ ಮರುಳಾಗಬಾರದು ಎಂಬುದನ್ನು ಈ ಕಾರಿನಷ್ಟು ಚೆನ್ನಾಗಿ ಹೇಳಿಕೊಡುವ ಉದಾಹರಣೆ ವಿರಳ.

ಕಾಯಿದೆಯಿಂದ ಹುಟ್ಟಿದ ಕಾರು

ಡೀಸೆಲ್ ಕಾರು ಮರ್ಸಿಡಿಸ್ ಕಂಪೆನಿಗೆ ಹೊಸದೇನೂ ಆಗಿರಲಿಲ್ಲ. 1936ರಲ್ಲೇ ಅದು 260 ಡಿ. ಎಂಬ ಡೀಸೆಲ್ ಕಾರನ್ನು ಮಾರಾಟಕ್ಕೆ ತಂದಿತ್ತು. ಆದರೆ ಅವೆಲ್ಲ ನಾಲ್ಕು ಬಾಗಿಲಿನ, ಬಾಡಿಗೆಗೂ ಸಂಸಾರಕ್ಕೂ ಸಲ್ಲುವ ಕಾರುಗಳು. ಕೂಪೆಯನ್ನು ಕೊಳ್ಳುವವರು ವೇಗವನ್ನೂ ನಯವನ್ನೂ ಬಯಸುವವರು. ಜರ್ಮನಿಯಲ್ಲಿ ಅವರಿಗೆ ಪೆಟ್ರೋಲ್ ಕೂಪೆಯನ್ನೇ ಮಾರುತ್ತಿದ್ದರು. ಡೀಸೆಲ್ ಕೂಪೆಯನ್ನು ತಯಾರಿಸಿದ್ದು ಉತ್ತರ ಅಮೆರಿಕದ ಮಾರುಕಟ್ಟೆಗೆಂದೇ.

ಅದರ ಹಿನ್ನೆಲೆ ಹೀಗಿದೆ. 1973ರಲ್ಲಿ ಕಚ್ಚಾ ತೈಲದ ಬೆಲೆ ಏಕಾಏಕಿ ಏರಿ ಅಮೆರಿಕದಲ್ಲಿ ಪೆಟ್ರೋಲ್ ಬಂಕುಗಳ ಮುಂದೆ ಕಾರುಗಳ ಸಾಲು ನಿಂತವು. 1975ರಲ್ಲಿ ಅಲ್ಲಿನ ಸರ್ಕಾರ ಒಂದು ಕಾಯಿದೆ ಮಾಡಿತು. ಒಂದು ಕಂಪೆನಿ ವರ್ಷದಲ್ಲಿ ಮಾರುವ ಎಲ್ಲ ಕಾರುಗಳ ಸರಾಸರಿ ಮೈಲೇಜು 1978ರ ಮಾದರಿಗಳಿಗೆ ಗ್ಯಾಲನ್ನಿಗೆ 18 ಮೈಲಿ ಇರಬೇಕು, ಮುಂದೆ 1985ರ ಹೊತ್ತಿಗೆ 27.5 ಮೈಲಿಗೆ ಏರಬೇಕು ಎಂದು ಅದು ವಿಧಿಸಿತು. ನಮ್ಮ ಲೆಕ್ಕದಲ್ಲಿ ಇದು ಲೀಟರಿಗೆ ಸುಮಾರು 7.7 ಕಿ.ಮೀ.ಯಿಂದ 11.7 ಕಿ.ಮೀ.

ಇಲ್ಲಿ ಗಮನಿಸಬೇಕಾದ ಮಾತು ‘ಸರಾಸರಿ’. ಕಾಫಿ ಔಟ್‌ಟರ್ನ್ ಲೆಕ್ಕ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಲಾಟು ಕೈಕೊಟ್ಟರೂ ಇನ್ನೆರಡು ಲಾಟುಗಳು ಗಟ್ಟಿಯಾಗಿ ಕೂತರೆ ಒಟ್ಟು ಔಟ್‌ಟರ್ನ್ ಉಳಿಯುತ್ತದೆ. ಪೆಟ್ರೋಲನ್ನು ಗಟಗಟನೆ ಕುಡಿಯುವ ಎಂಟು ಸಿಲಿಂಡರಿನ ದೊಡ್ಡ ಕಾರುಗಳನ್ನು ಮಾರುತ್ತಲೇ ಇರಬೇಕೆಂದರೆ ಮಿತವಾಗಿ ಕುಡಿಯುವ ಡೀಸೆಲ್ ಕಾರುಗಳನ್ನೂ ಹೆಚ್ಚು ಮಾರಬೇಕಾಯಿತು. ಹೀಗೆ ಕಾಯಿದೆಯ ಒತ್ತಾಯಕ್ಕೆ ಕೂಪೆಗೂ ಡೀಸೆಲ್ ಬಂತು.

ಐದು ಸಿಲಿಂಡರಿನ ಎಂಜಿನ್ನು

ಕಾರಿನ ಮೈ ಅಂದವಾದದ್ದು. ಕಿಟಕಿಗಳ ನಡುವೆ ಕಂಬವಿಲ್ಲ. ನಾಲ್ಕೂ ಗಾಜು ಇಳಿಸಿದರೆ ಮುಂದಿನಿಂದ ಹಿಂದಿನವರೆಗೆ ಒಂದೇ ಬಯಲು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಇದೇ ಜಾತಿಯ ನಾಲ್ಕು ಬಾಗಿಲಿನ ಕಾರಿಗಿಂತ 85 ಮಿಲಿಮೀಟರ್ ಕಡಿಮೆ. ಆದರೆ ಬಾನೆಟ್ಟು ಎತ್ತಿದರೆ ಕಾಣುವುದು ಶುದ್ಧ ಕೆಲಸಗಾರ.

ಕಂಪೆನಿಯ ಬಳಿ ಓ.ಎಂ. 616 ಎಂಬ ನಾಲ್ಕು ಸಿಲಿಂಡರಿನ, 2.4 ಲೀಟರಿನ ಗಟ್ಟಿ ಡೀಸೆಲ್ ಎಂಜಿನ್ನಿತ್ತು. ಅದರ ಶಕ್ತಿ ಸಾಲದು. ಆರು ಸಿಲಿಂಡರ್ ಮಾಡಿದರೆ ಉದ್ದವೂ ಭಾರವೂ ಹೆಚ್ಚು. ಆದ್ದರಿಂದ ಒಂದೇ ಸಿಲಿಂಡರನ್ನು ಸೇರಿಸಿ ಐದು ಮಾಡಿದರು. ಇದೇ ಓ.ಎಂ. 617, ಮೂರು ಲೀಟರಿನ ಎಂಜಿನ್ನು. 1974ರಲ್ಲಿ ಕಾರೊಂದರಲ್ಲಿ ಮೊದಲು ಬಂದಾಗ ಐದು ಸಿಲಿಂಡರಿನ ಕಾರು ಲೋಕಕ್ಕೇ ಹೊಸದು. ಬ್ಲಾಕು, ಹೆಡ್ಡು ಎರಡೂ ಎರಕದ ಕಬ್ಬಿಣ. ಡೀಸೆಲ್ಲನ್ನು ನೇರವಾಗಿ ಪಿಸ್ಟನ್ನಿನ ಮೇಲೆ ಚಿಮ್ಮಿಸದೆ ಹೆಡ್ಡಿನಲ್ಲಿರುವ ಪುಟ್ಟ ಮುಂಕೋಣೆಗೆ ಚಿಮ್ಮಿಸುತ್ತಾರೆ. ಉರಿ ಅಲ್ಲಿ ಹೊತ್ತಿಕೊಂಡು ಆಮೇಲೆ ಸಿಲಿಂಡರಿಗೆ ಇಳಿಯುತ್ತದೆ. ಇದರಿಂದ ಪಿಸ್ಟನ್ನಿನ ಮೇಲೆ ಬೀಳುವ ಪೆಟ್ಟು ಮೃದು, ಸದ್ದು ಕಡಿಮೆ, ಬಾಳಿಕೆ ಹೆಚ್ಚು. ಸ್ವಲ್ಪ ಶಾಖ ಪೋಲಾಗುವುದರಿಂದ ಎಣ್ಣೆ ಖರ್ಚು ತುಸು ಏರುತ್ತದೆ.

ಮೊದಲ 300 ಸಿ.ಡಿ.ಯ ಬಲ ಕೇವಲ 80 ಅಶ್ವಶಕ್ತಿ. ಒಂದೂವರೆ ಟನ್ನಿಗೂ ಮಿಕ್ಕಿದ ಕಾರಿಗೆ ಇದು ಸಾಲದು. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಸುಮಾರು 20 ಸೆಕೆಂಡು ಹಿಡಿಯುತ್ತಿತ್ತು.

ಹೊಗೆಯನ್ನೇ ದುಡಿಸಿಕೊಂಡ ಜಾಣ್ಮೆ

ಇದಕ್ಕೆ ಪರಿಹಾರವಾಗಿ ಬಂದದ್ದು ಟರ್ಬೊ. ಎಂಜಿನ್ನಿನಿಂದ ವ್ಯರ್ಥವಾಗಿ ಹೋಗುವ ಹೊಗೆಯ ರಭಸದಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ಚಕ್ರದಿಂದ ಸಿಲಿಂಡರಿಗೆ ಗಾಳಿಯನ್ನು ಒತ್ತಿ ತುಂಬುವ ಉಪಾಯವಿದು. ಗಾಳಿ ಹೆಚ್ಚಿದರೆ ಹೆಚ್ಚು ಎಣ್ಣೆಯನ್ನು ಚೊಕ್ಕವಾಗಿ ಉರಿಸಬಹುದು. 1976ರ ಜೂನಿನಲ್ಲಿ ಇಟಲಿಯ ನಾರ್ದೊ ಎಂಬಲ್ಲಿನ ವೃತ್ತಾಕಾರದ ರಸ್ತೆಯಲ್ಲಿ ಇದೇ ಐದು ಸಿಲಿಂಡರಿನ ಎಂಜಿನ್ನಿಗೆ ಟರ್ಬೊ ಜೋಡಿಸಿ, 190 ಅಶ್ವಶಕ್ತಿಗೆ ಏರಿಸಿ, ಸಿ 111 ಎಂಬ ಪ್ರಯೋಗದ ಕಾರಿನಲ್ಲಿ 64 ಗಂಟೆಗಳ ಕಾಲ ಓಡಿಸಿದರು. ಸರಾಸರಿ ವೇಗ ಗಂಟೆಗೆ 252 ಕಿ.ಮೀ. ಡೀಸೆಲ್ ಎಂದರೆ ಎತ್ತಿನ ಗಾಡಿ ಎಂಬ ಮಾತು ಅಂದಿಗೆ ಮುಗಿಯಿತು.

1978ರಲ್ಲಿ ಟರ್ಬೊ ಡೀಸೆಲ್ ದೊಡ್ಡ ಕಾರಿಗೆ ಬಂತು. 1981ರಲ್ಲಿ ಕೂಪೆಗೂ ಬಂತು. ಬರೀ ಟರ್ಬೊ ತಗುಲಿಸಿ ಕೈತೊಳೆದುಕೊಳ್ಳಲಿಲ್ಲ. ಪಿಸ್ಟನ್ನಿನ ಅಡಿಗೆ ತಂಪಾಗಲೆಂದು ಎಣ್ಣೆ ಚಿಮ್ಮುವ ಕೊಳವೆ ಇಟ್ಟರು. ಹೊಗೆ ಹೊರಹೋಗುವ ವಾಲ್ವುಗಳ ಒಳಗೆ ಶಾಖ ಸಾಗಿಸುವ ಸೋಡಿಯಂ ತುಂಬಿದರು. ಬಲ ಸುಮಾರು 125 ಅಶ್ವಶಕ್ತಿಗೆ ಏರಿತು.

ಅಶ್ವಶಕ್ತಿಯೋ, ಎಳೆತವೋ?

ಈಗ ಮುಖ್ಯ ಮಾತಿಗೆ ಬರೋಣ. ಇದೇ ಮೈಯ ಪೆಟ್ರೋಲ್ ಕೂಪೆಯಾದ 280 ಸಿ.ಇ.ಗೆ 185 ಅಶ್ವಶಕ್ತಿ. ಅಂಕಿ ನೋಡಿದರೆ ಡೀಸೆಲ್ ಕೂಪೆ ಅದರ ಮೂರರಲ್ಲಿ ಎರಡು ಪಾಲು ಮಾತ್ರ. ಆದರೆ ಎಳೆತವನ್ನು ನೋಡಿ. ನಮ್ಮ ಚಾಲಕರು ‘ಪುಲ್ಲಿಂಗ್’ ಎನ್ನುವುದು, ಪುಸ್ತಕಗಳಲ್ಲಿ ಟಾರ್ಕ್ ಎನ್ನುವುದು ಇದನ್ನೇ. ಪೆಟ್ರೋಲ್ ಕೂಪೆಗೆ 240 ನ್ಯೂಟನ್ ಮೀಟರ್, ಅದೂ ಎಂಜಿನ್ನು ನಿಮಿಷಕ್ಕೆ 4500 ಸುತ್ತು ತಿರುಗಿದಾಗ. ಟರ್ಬೊ ಡೀಸೆಲ್ಲಿಗೆ 250 ನ್ಯೂಟನ್ ಮೀಟರ್, 2400 ಸುತ್ತಿನಲ್ಲೇ. ಅಂದರೆ ಹೆಚ್ಚುಕಡಿಮೆ ಅರ್ಧ ಸುತ್ತಿನಲ್ಲಿ ಪೆಟ್ರೋಲಿಗಿಂತ ಒಂದು ಕೈ ಮೇಲು. ಒಬ್ಬ ಓಡಿ ಗೆಲ್ಲುವವನು, ಇನ್ನೊಬ್ಬ ಮೂಟೆ ಹೊತ್ತು ಮೆಟ್ಟಿಲು ಹತ್ತುವವನು. ಬಯಲು ಹೆದ್ದಾರಿಯ ಪಂದ್ಯಕ್ಕೆ ಮೊದಲನೆಯವನು ಸರಿ. ಏರು ದಾರಿಯ ನಿತ್ಯದ ಕೆಲಸಕ್ಕೆ ಎರಡನೆಯವನೇ ಬೇಕು.

ಈ ಎಳೆತವನ್ನು ಚಕ್ರಕ್ಕೆ ಮುಟ್ಟಿಸುವುದು ನಾಲ್ಕು ಗೇರಿನ ಆಟೊಮ್ಯಾಟಿಕ್ ಪೆಟ್ಟಿಗೆ. ಅಲ್ಲಿ ಕ್ಲಚ್ಚಿನ ತಟ್ಟೆಯ ಬದಲು ಎಣ್ಣೆಯೊಳಗೆ ಎದುರುಬದುರಾಗಿ ಕೂತ ಎರಡು ರೆಕ್ಕೆಚಕ್ರಗಳು. ಎಂಜಿನ್ನು ಒಂದನ್ನು ತಿರುಗಿಸಿದರೆ ಎಣ್ಣೆಯ ರಭಸಕ್ಕೆ ಇನ್ನೊಂದು ತಿರುಗುತ್ತದೆ. ನಿಂತಲ್ಲಿಂದ ಹೊರಡುವಾಗ ಇದು ಎಳೆತವನ್ನು ಹೆಚ್ಚಿಸಿಯೂ ಕೊಡುತ್ತದೆ. ಆದ್ದರಿಂದ ಚಾಲನೆಯ ಗುಣ ಹೀಗೆ: ಕಾಲೊತ್ತಿದ ಕೂಡಲೇ ಕಾರು ಹಾರುವುದಿಲ್ಲ. ಟರ್ಬೊ ಎಚ್ಚರಗೊಳ್ಳುವವರೆಗೆ ಒಂದು ಕ್ಷಣ ಯೋಚಿಸುತ್ತದೆ, ಆಮೇಲೆ ಆನೆ ಸೊಂಟ ಕೊಟ್ಟು ತಳ್ಳಿದ ಹಾಗೆ ಸಾಗುತ್ತದೆ. ನಿಂತಾಗ ಟಕಟಕ ಸದ್ದು ಕೇಳಿಸಿದರೂ ವೇಗ ಹಿಡಿದ ಮೇಲೆ ಶಾಂತ. ಮುಂದಿನ ವಾಹನವನ್ನು ಹಿಂದಿಕ್ಕಬೇಕಾದರೆ ಮೊದಲೇ ಜಾಗ ನೋಡಿಕೊಳ್ಳಬೇಕು. ಆತುರಗಾರನಿಗೆ ಸಲ್ಲದ, ತಾಳ್ಮೆಯವನಿಗೆ ಒದಗುವ ಕಾರು. 80 ಲೀಟರಿನ ಟ್ಯಾಂಕು. ಲೀಟರಿಗೆ 10 ಕಿ.ಮೀ. ಎಂದರೂ ಒಂದೇ ಸಲಕ್ಕೆ 800 ಕಿ.ಮೀ.

ಇನ್ನೊಂದು ವಿಚಿತ್ರವುಂಟು. ಈ ಕಾರಿನಲ್ಲಿ ಬ್ರೇಕಿನ ಸಹಾಯ, ಬಾಗಿಲ ಬೀಗ, ಗೇರು ಬೀಳುವ ನಯ, ಕಡೆಗೆ ಎಂಜಿನ್ನು ನಿಲ್ಲುವುದೂ ನಿರ್ವಾತದಿಂದ ನಡೆಯುತ್ತದೆ. ಪಂಪೊಂದು ಗಾಳಿಯನ್ನು ಹೀರಿ ಆ ನಿರ್ವಾತವನ್ನು ಹುಟ್ಟಿಸುತ್ತದೆ. ಕೊಳವೆಯಲ್ಲಿ ಬಿರುಕು ಬಿಟ್ಟರೆ ಬೀಗದಕೈ ತೆಗೆದ ಮೇಲೂ ಎಂಜಿನ್ನು ಓಡುತ್ತಲೇ ಇರಬಹುದು. ಅದಕ್ಕಾಗಿ ಬಾನೆಟ್ಟಿನ ಕೆಳಗೆ ಕೈಯಿಂದ ಒತ್ತಿ ನಿಲ್ಲಿಸುವ ಸನ್ನೆಯನ್ನೂ ಇಟ್ಟಿದ್ದಾರೆ.

ನಮ್ಮ ದಾರಿಗೆ ಬಂದ ಒಡಹುಟ್ಟು

1985ರಲ್ಲಿ 300 ಸಿ.ಡಿ. ನಿಂತಿತು. ಆದರೆ ಆ ವಂಶ ನಮಗೆ ಅಪರಿಚಿತವಲ್ಲ. 1954ರಿಂದ 1969ರವರೆಗೆ ಟಾಟಾ ಕಂಪೆನಿ ಇದೇ ಜರ್ಮನ್ ಕಂಪೆನಿಯ ಸಹಯೋಗದಲ್ಲಿ ತಯಾರಿಸಿದ ಲಾರಿಗಳ ಮೂತಿಯ ಮೇಲೆ ಮೂರು ಮೂಲೆಯ ನಕ್ಷತ್ರವಿತ್ತು. ಆಮೇಲೆ 1980ರ ದಶಕದಲ್ಲಿ ಬಜಾಜ್ ಟೆಂಪೊ ಕಂಪೆನಿ ಓ.ಎಂ. 616 ಎಂಜಿನ್ನನ್ನು ಲೈಸೆನ್ಸ್ ಪಡೆದು ನಮ್ಮ ದೇಶದಲ್ಲೇ ತಯಾರಿಸಿತು. ಆಳುಕಾಳು, ಸಾಮಾನು ತುಂಬಿಕೊಂಡು ಕಲ್ಲುದಾರಿ ಹತ್ತಿದ ಟ್ರ್ಯಾಕ್ಸ್ ಗಾಡಿಯಲ್ಲಿ ಕೂತದ್ದು ಅದೇ. ಅಮೆರಿಕದ ಸಿರಿವಂತರ ಕೂಪೆಯಲ್ಲಿ ಇದ್ದುದಕ್ಕಿಂತ ಒಂದು ಸಿಲಿಂಡರ್ ಕಡಿಮೆ, ಅಷ್ಟೆ.

ಬೆಳೆಗಾರರು ಗಮನಿಸಬೇಕಾದ ಅಂಶಗಳು

ಒಂದು: ವಾಹನ ಕೊಳ್ಳುವಾಗ ಅಶ್ವಶಕ್ತಿಯೊಂದನ್ನೇ ಕೇಳಬೇಡಿ. ಎಳೆತ ಎಷ್ಟು, ಎಷ್ಟು ಸುತ್ತಿನಲ್ಲಿ ಸಿಗುತ್ತದೆ ಎಂದು ಕೇಳಿ. ಕಡಿಮೆ ಸುತ್ತಿನಲ್ಲಿ ಸಿಗುವ ಎಳೆತವೇ ಮಳೆಗಾಲದ ಏರಿನಲ್ಲಿ ಕೈಹಿಡಿಯುವುದು.

ಎರಡು: ಆಟೊಮ್ಯಾಟಿಕ್ ಗಾಡಿಯಲ್ಲಿ ಘಾಟಿ ಇಳಿಯುವಾಗ ಗೇರನ್ನು ಅದರ ಪಾಡಿಗೆ ಬಿಡಬೇಡಿ. ಡೀಸೆಲ್ ಎಂಜಿನ್ನಿಗೆ ಪೆಟ್ರೋಲಿನಷ್ಟು ತಡೆಯುವ ಶಕ್ತಿ ಸಹಜವಾಗಿ ಇಲ್ಲ. ರೆಕ್ಕೆಚಕ್ರದ ಜಾರಿಕೆ ಬೇರೆ. ಚಾರ್ಮಾಡಿ, ಆಗುಂಬೆಯಂಥ ಇಳಿಜಾರಿನಲ್ಲಿ ತಿರುವು ಬರುವ ಮೊದಲೇ ಕೈಯಿಂದ ಕೆಳಗೇರಿಗೆ ತನ್ನಿ. ಬರೀ ಬ್ರೇಕನ್ನೇ ನೆಚ್ಚಿ ಇಳಿದರೆ ಬ್ರೇಕು ಕಾದು ಹಿಡಿತ ತಪ್ಪುತ್ತದೆ. ಇದು ಪ್ರಾಣದ ಪ್ರಶ್ನೆ.

ಮೂರು: ಟರ್ಬೊ ಗಾಡಿ ಏರು ಹತ್ತಿ ಬಂದ ಕೂಡಲೇ ಬೀಗದಕೈ ತಿರುಗಿಸಬೇಡಿ. ಒಂದೆರಡು ನಿಮಿಷ ಸುಮ್ಮನೆ ಓಡಲಿ. ಕಾದ ಚಕ್ರಕ್ಕೆ ಎಣ್ಣೆ ಹರಿಯುತ್ತ ತಣಿಯಬೇಕು.

ನಾಲ್ಕು: ಹಳೆಯ ಎಂಜಿನ್ನು ಒರಟು ಎಣ್ಣೆಯನ್ನೂ ತಕ್ಕಮಟ್ಟಿಗೆ ಸಹಿಸುತ್ತಿತ್ತು, ಬದಲಿಗೆ ಹೊಗೆ ಉಗುಳುತ್ತಿತ್ತು. ಆ ಹೊಗೆ ಸಾಮಾನ್ಯವಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲಿ ಸಾರಿದೆ. ಮುಚ್ಚಿದ ಮನೆಯೊಳಗೆ ಎಂಜಿನ್ನು ಓಡಿಸುವವರು ಹೊಗೆಕೊಳವೆಯನ್ನು ಹೊರಗೆ ಒಯ್ಯಲೇಬೇಕು. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಸೋಸುಕವಿದೆ. ಅದು ಆಗಾಗ ಚೆನ್ನಾಗಿ ಕಾದು ಮಸಿಯನ್ನು ಸುಟ್ಟುಕೊಳ್ಳಬೇಕು. ದಿನವೂ ಮನೆಯಿಂದ ತೋಟಕ್ಕೆ ಒಂದೆರಡು ಕಿ.ಮೀ. ಮಾತ್ರ ತೆವಳಿಸಿದರೆ ಅದು ಕಟ್ಟಿಕೊಳ್ಳುತ್ತದೆ, ಖರ್ಚು ದೊಡ್ಡದಾಗುತ್ತದೆ. ಅಂಥ ಗಾಡಿಯನ್ನು ಆಗಾಗ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ. ನಿಮ್ಮ ಓಡಾಟವೆಲ್ಲ ತೋಟದೊಳಗೇ ಆದರೆ ಡೀಸೆಲ್ ಕಾರು ಬೇಕೇ ಎಂದು ಕೊಳ್ಳುವ ಮೊದಲೇ ಯೋಚಿಸಿ.

ಐದು: ಬ್ಯಾರೆಲ್ಲಿನಲ್ಲಿ ಡೀಸೆಲ್ ಇಡುವವರು ಮಳೆಗಾಲದಲ್ಲಿ ತಳದಲ್ಲಿ ನೀರು ಸೇರುವುದನ್ನು ಮರೆಯಬಾರದು. ತಳದ ಎಣ್ಣೆಯನ್ನು ಗಾಡಿಗೆ ಹಾಕಬೇಡಿ. ಹೊಸ ಎಂಜಿನ್ನಿನ ಪಂಪಿಗೂ ಇಂಜೆಕ್ಟರಿಗೂ ನೀರು ವಿಷ.

ಹಳೆಯದೆಲ್ಲ ಚಿನ್ನ, ಹೊಸದೆಲ್ಲ ತಗಡು ಎಂಬುದು ನಮ್ಮ ಅಭಿಪ್ರಾಯವಲ್ಲ. 300 ಸಿ.ಡಿ. ನಿಧಾನದ ಗಾಡಿ, ಹೊಗೆಯ ಗಾಡಿ. ಆದರೂ ಅದನ್ನು ಕಟ್ಟಿದವರು ಎಂಜಿನ್ನಿನಿಂದ ಎಷ್ಟು ಕೇಳಬಹುದು ಎಂದು ಅರಿತು ಅಷ್ಟನ್ನೇ ಕೇಳಿದರು. ಹೆಚ್ಚು ಕೇಳಬೇಕಾದಾಗ ಮೊದಲು ಪಿಸ್ಟನ್ನನ್ನೂ ವಾಲ್ವನ್ನೂ ಗಟ್ಟಿ ಮಾಡಿದರು. ಗಿಡದಿಂದ ಫಸಲು ಕೇಳುವ ಮೊದಲು ಬುಡಕ್ಕೆ ಗೊಬ್ಬರ ಹಾಕುವ ನಮಗೆ ಈ ಲೆಕ್ಕ ಹೊಸದೇನಲ್ಲ. ಗಾಡಿಯ ವಿಷಯದಲ್ಲೂ ಅದನ್ನೇ ಪಾಲಿಸಿದರೆ ದುಡ್ಡೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.